ನಾವು ತಿಂದ ತೋಪು

ಸಂಕ್ರಾಂತಿಗೆ ನಾಲ್ಕು ದಿನ ಮುಂಚಿನ ಆ ಶನಿವಾರ ಮಧ್ಯಾಹ್ನ, ಅಚ್ಯುತಾಪುರಂನಲ್ಲಿದ್ದ ನಮ್ಮ ಬ್ಯಾಂಕ್ ಶಾಖೆಯ ಹಿಂದಿನ ಜಗಲಿಯ ಮೇಲೆ ನಾವು ಏಳು ಜನ ಕೂತಿದ್ದೆವು. ಶಾಖೆಯ ಮ್ಯಾನೇಜರನಾದ ನಾನು, ತಿಪಟೂರು ಕಡೆಯ ನಮ್ಮ ಊರಿನಿಂದ ಬಂದು ಗಾಜುವಾಕದ ಬಾಡಿಗೆ ಮನೆಯಲ್ಲಿ ನನ್ನ ಜೊತೆ ಇದ್ದ ಅಮ್ಮ, ಅವಳನ್ನು ಕಾರಿನಲ್ಲಿ ಕರೆತಂದಿದ್ದ ನಮ್ಮ ಮೇಲಿನ ಮಹಡಿಯಲ್ಲಿದ್ದ, ನೌಕಾದಳದಲ್ಲಿ ಹಡಗಿನ ಎಂಜಿನ್ ನೋಡಿಕೊಳ್ಳುವ ಧಾರವಾಡದ ಗೆಳೆಯ, ನಮ್ಮ ಅಟೆಂಡರ್, ಮತ್ತೆ ಕಡಲ ದಂಡೆಯ ಒಂದು ಹಳ್ಳಿಯಿಂದ ಬಂದಿದ್ದ ಮೂವರು ಹೆಂಗಸರು. ಎಲ್ಲರ ನಡುವೆ ಒಂದು ದೊಡ್ಡ ಅಲ್ಯೂಮಿನಿಯಂ ದಬರಿ. ಮೇಲಿನ ಬಾಳೆ ಎಲೆ ತೆಗೆದದ್ದೇ ಹಬೆ ಎದ್ದಿತು.

ಒಳಗೆ ಗೇಣುದ್ದದ, ಬೆರಳಿಗಿಂತ ದಪ್ಪದ, ಎಳೆ ಮೂಲಂಗಿಯ ಹಾಗೆ ತುದಿಗೆ ಬರುತ್ತ ಸಣ್ಣಗಾಗುವ ಕೆನೆಬಣ್ಣದ ಗೆಡ್ಡೆಗಳು. ಉಪ್ಪು ಅರಿಸಿನ ಹಾಕಿ ಬೇಯಿಸಿದ್ದರು.

“ತೇಗಲು ಬಾಬು, ತೇಗಲು,” ಎಂದಳು ಮೂವರಲ್ಲಿ ಹಿರಿಯಳು. “ತಿನ್ನು. ಆರಿದರೆ ನಾರು ಹಲ್ಲಿಗೆ ಸಿಕ್ಕುತ್ತೆ.”

ಅವಳನ್ನು ಊರೆಲ್ಲ ಮಾಮ್ಮ ಎನ್ನುತ್ತಿತ್ತು. ಮಾಮ್ಮ ಎಂದರೆ ಆ ಕಡೆ ಅಜ್ಜಿ. ನಾನು ಕನ್ನಡ ಕಲಿತದ್ದು ತೆಂಗಿನ ತೋಟದ ಬದುವಿನ ಮೇಲೆ ಕೂತು ಅಜ್ಜ ಮತ್ತವನ ಓರಗೆಯವರ ಮಾತು ಕೇಳಿ. ತೆಲುಗು ಕಲಿತದ್ದು ಈ ಮಾಮ್ಮನ ಬಾಯಿಂದ. ಹಾಗಾಗಿ ಇಂದಿಗೂ ನನ್ನ ತೆಲುಗು ಕಡಲ ದಂಡೆಯ ಮುದುಕಿಯ ತೆಲುಗು. ವಿಜಯವಾಡದವರು ಕೇಳಿ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾರೆ. ಇಲ್ಲಿ ಅವಳ ಮಾತನ್ನು ಕನ್ನಡದಲ್ಲೇ ಹೇಳುತ್ತೇನೆ. ಬಾರೆನೆಂದು ಹಟ ಹಿಡಿದ ಒಂದೆರಡು ಪದಗಳನ್ನು ಹಾಗೇ ಬಿಟ್ಟಿದ್ದೇನೆ.

ತಿಂದೆವು. ಗೆಣಸಿಗಿಂತ ಗಟ್ಟಿ, ಸಿಹಿ ಸ್ವಲ್ಪ ಕಡಿಮೆ, ಕೊನೆಗೆ ಸಣ್ಣ ಒಗರು. ಸಿಪ್ಪೆ ಸುಲಿದು, ಎರಡು ಸೀಳು ಮಾಡಿ, ಜಗಿದು, ನಾರನ್ನು ಪಕ್ಕಕ್ಕೆ ಉಗುಳುವುದು. ಅಮ್ಮ ಮೂರು ತಿಂದಳು. ಧಾರವಾಡದವನು ಎಣಿಸುವುದನ್ನೇ ಬಿಟ್ಟ.

“ಭಾಳ ಚಲೋ ಅದ ಬಿಡ್ರಿ. ಎಲ್ಲಿ ಸಿಗ್ತಾವ ಇವು?” ಎಂದು ಕೇಳಿದ.

ಮಾಮ್ಮ ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದಳು. “ಈ ಬಾಬುದೇ! ಹಿತ್ತಿಲಲ್ಲಿ ಹಾಕಿಸಿದ್ದ. ಮೊನ್ನೆ ನೀರು ಕುಡಿಯೋಕೆ ಬಂದು ನೋಡಿದೆ. ಹದಕ್ಕೆ ಬಂದು ಬಿಟ್ಟಿತ್ತು. ಪಾಪ, ಕನ್ನಡದವರು, ಯಾವಾಗ ತೆಗೀಬೇಕು ಅಂತ ಗೊತ್ತಿಲ್ಲ, ಇನ್ನು ಹತ್ತು ದಿನ ಬಿಟ್ಟರೆ ನಾರಾಗಿ ಹೋಗುತ್ತೆ ಅಂತ ನಾವೇ ಅಗೆದು ಬೇಯಿಸಿ ತಂದೆವು. ಸಂಕ್ರಾಂತಿ ಅಲ್ಲವಾ!”

ನನ್ನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅಷ್ಟರಲ್ಲಿ ಅಮ್ಮ ಎದ್ದು ಹಿತ್ತಿಲಿಗೆ ಹೋಗಿದ್ದಳು. ಅಲ್ಲಿಂದಲೇ ಕೂಗಿದಳು: “ಅಲ್ಲ ಕಣಪ್ಪ, ಪಾತಿ ಎಲ್ಲಿ? ಮಳ್ಳೆಲ್ಲ ಕೆದ್ರಿ ಹಾಕೈತೆ!”

ಧಾರವಾಡದವನು ದಬರಿ ನೋಡಿದ, ನನ್ನ ಮುಖ ನೋಡಿದ, ಮತ್ತೆ ದಬರಿ ನೋಡಿದ. ಆಮೇಲೆ ಕಂಬ ಹಿಡಿದುಕೊಂಡು ನಗತೊಡಗಿದ. “ಏನ್ರೀ ಸಾಹೇಬ್ರ! ನಿಮ್ಮ ಅಡವಿ ನೀವ ತಿಂದ್ರೆಲ್ಲೋ!”

ಅದು ನಿಜ. ನಾಲ್ಕು ತಿಂಗಳಿಂದ ಗುಟ್ಟಾಗಿ ಬೆಳೆಸುತ್ತಿದ್ದ ತೋಪನ್ನು ನಾವು ಉಪ್ಪು ಅರಿಸಿನ ಹಾಕಿಕೊಂಡು ತಿಂದಿದ್ದೆವು. ಆ ತೋಪು ಯಾರಿಗಾಗಿಯೋ, ಅವಳೇ ತನ್ನ ಕೈಯಾರೆ ಬೇಯಿಸಿ ತಂದಿದ್ದಳು.

ಇದು ಹೇಗಾಯಿತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗಾಜುವಾಕದಿಂದ ಅಚ್ಯುತಾಪುರಂಗೆ ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಉಕ್ಕಿನ ಕಾರ್ಖಾನೆಯ ಹೊಗೆ ಹಿಂದೆ ಬಿದ್ದ ಮೇಲೆ ಎರಡೂ ಕಡೆ ಕೆಂಪು ನೆಲ, ಗೋಡಂಬಿ ಪೊದೆ, ಸರ್ವೆ ಮರದ ಸಾಲು, ಪಡುವಣಕ್ಕೆ ನೀಲಿ ಬೆಟ್ಟಗಳು. ಎಲ್ಲಕ್ಕಿಂತ ಮೇಲೆ ತಲೆ ಎತ್ತಿ ನಿಂತ ತಾಳೆ ಮರಗಳು. ಅಲ್ಲಿಯವರ ಬಾಯಲ್ಲಿ ತಾಟಿ. ಗದ್ದೆಯ ಬದುವಿನ ಮೇಲೆ ತಾಟಿ, ಕೆರೆ ಏರಿಯ ಮೇಲೆ ತಾಟಿ, ಆಕಾಶಕ್ಕೆ ಬೆನ್ನು ಕೊಟ್ಟು ಹತ್ತಾರು ಬೀಸಣಿಗೆ ಹಿಡಿದು ನಿಂತ ಹಾಗೆ. ನಾನು ಹೋದ ಮೊದಲ ವರ್ಷವೇ ರಸ್ತೆ ಅಗಲ ಮಾಡುವುದಕ್ಕೆಂದು, ಕಾರ್ಖಾನೆಯ ಕಾಂಪೌಂಡಿಗೆಂದು ಅವು ಒಂದೊಂದಾಗಿ ಉರುಳುವುದನ್ನು ಕಿಟಕಿಯ ಪಕ್ಕ ಕೂತು ನೋಡಿದೆ. ಬೆಳಿಗ್ಗೆ ಹೋಗುವಾಗ ಇದ್ದ ಮರ ಸಂಜೆ ಬರುವಾಗ ರಸ್ತೆಯ ಪಕ್ಕ ಮಲಗಿರುತ್ತಿತ್ತು.

ಮಾಮ್ಮನ ಊರು ಅಲ್ಲಿಂದ ಇನ್ನೂ ಕೆಳಗೆ, ಕಡಲಿಗೆ ಅಂಟಿಕೊಂಡಂತೆ. ನಲವತ್ತೋ ಐವತ್ತೋ ಮನೆ. ಮನೆಗಳಿಗೂ ಸಮುದ್ರಕ್ಕೂ ನಡುವೆ ಒಂದು ಮರಳ ದಿಬ್ಬ, ಆನೆ ಮಲಗಿದ ಹಾಗೆ. ಅದರ ಮೇಲೆ ಒಂದು ಕಾಲದಲ್ಲಿ ತಾಟಿ ತೋಪು ಇತ್ತಂತೆ. ಮಾಮ್ಮನ ಗಂಡ ಅದೇ ಮರಗಳನ್ನು ಹತ್ತಿ ಕಳ್ಳು ಇಳಿಸುತ್ತಿದ್ದವನು. ತಾಟಿಗಳು ಮುದಿಯಾಗಿ ಹೋದ ಮೇಲೆ ಯಾರೋ ಸರ್ವೆ ಹಾಕಿಸಿದರು. ಬೇಗ ಬೆಳೆಯುವ ಮರ, ಬೇಗ ದುಡ್ಡು. ಹಿಂದೆ ಒಂದು ದೊಡ್ಡ ಚಂಡಮಾರುತ ಬಂದ ದಿನ ಸರ್ವೆಗಳೆಲ್ಲ ಒಂದೇ ಬೆಳಿಗ್ಗೆ ಅಡ್ಡ ಬಿದ್ದವು. ಬುಡಗಳನ್ನು ಜನ ಸೌದೆಗೆ ಕಿತ್ತರು. ಅಂದಿನಿಂದ ದಿಬ್ಬ ಬೋಳು. ಗಾಳಿ ಬೀಸಿದಾಗಲೆಲ್ಲ ಒಂದಿಷ್ಟು ಮರಳು ಹೊರಡುತ್ತಿತ್ತು.

ಮಾಮ್ಮನ ಮನೆ ದಿಬ್ಬದ ಹಿಂದಿನ ಮೊದಲ ಸಾಲಿನಲ್ಲಿ ಮೊದಲನೆಯದು. ಮಹಿಳಾ ಸಂಘದ ಕೆಲಸಕ್ಕೆ ಬ್ಯಾಂಕಿಗೆ ಬಂದಾಗ ಒಮ್ಮೆ ಹೇಳಿದಳು: “ಒಬ್ಬ ಕಂಟ್ರಾಕ್ಟರ್ ದಿಬ್ಬ ಸಮ ಮಾಡಿ ಲಾರಿ ನಿಲ್ಲಿಸ್ತಾನಂತೆ ಬಾಬು. ದಿಬ್ಬ ಹೋದರೆ ಸಮುದ್ರ ನೇರ ನನ್ನ ಅಡುಗೆಮನೆಗೆ ಬರುತ್ತೆ. ಸಾರು ಕುದಿಯೋಕೆ ಬೇರೆ ನೀರು ಇಡೋದೇ ಬೇಡ.”

ನಗಿಸುತ್ತಲೇ ಹೇಳಿದಳು. ಕಣ್ಣು ಮಾತ್ರ ನಗಲಿಲ್ಲ. ಊರಿನ ಪಂಚಾಯಿತಿಯ ಸರ್ಪಂಚನನ್ನು ಅವಳು ಕೇಳಿದ್ದಳು. ಅವನು ಕೆಟ್ಟವನಲ್ಲ, ಎರಡು ಕಡೆಯ ಮಾತಿನ ನಡುವೆ ಸಿಕ್ಕಿಕೊಂಡವನು. “ಬೋಳು ದಿಬ್ಬ ಇಟ್ಟುಕೊಂಡು ಏನು ಮಾಡೋದು ಮಾಮ್ಮ? ಇನ್ನೆರಡು ಸಂಕ್ರಾಂತಿ ಕೊಡ್ತೇನೆ. ಅಷ್ಟರಲ್ಲಿ ಮರ ಎಬ್ಬಿಸಿ ತೋರಿಸಿ, ಗ್ರಾಮಸಭೆಯಲ್ಲಿ ಊರ ತೋಪು ಅಂತ ಬರೆಸ್ತೇನೆ. ಇಲ್ಲದಿದ್ದರೆ ಲಾರಿ,” ಎಂದಿದ್ದ.

ನನಗೆ ಒಳಗೊಳಗೇ ಹುಮ್ಮಸ್ಸು ಬಂತು. ನಾನು ತಿಪಟೂರಿನವನು. ನಡೆಯಲು ಕಲಿತದ್ದೇ ತೆಂಗಿನ ಬುಡ ಹಿಡಿದುಕೊಂಡು. ಗರಿ ಇರುವ ಮರದ ಜಾತಿ ನನಗೆ ಯಾರು ಹೇಳಿಕೊಡಬೇಕು? ಆ ಭಾದ್ರಪದದಲ್ಲಿ ತಾಟಿ ಹಣ್ಣು ಉದುರುವ ಹೊತ್ತಿಗೆ ಅಟೆಂಡರನ ಕೈಲಿ ಮುನ್ನೂರು ಓಟೆ, ಅಂದರೆ ಹಣ್ಣಿನೊಳಗಿನ ಗಟ್ಟಿ ಬೀಜ, ತರಿಸಿದೆ. ಶಾಖೆಯ ಹಿತ್ತಿಲಲ್ಲಿ ಮರಳು ಮಣ್ಣಿನ ಪಾತಿ ಮಾಡಿ, ನಮ್ಮಲ್ಲಿ ತೆಂಗಿನ ಸಸಿ ಎಬ್ಬಿಸಲು ಕಾಯಿ ಜೋಡಿಸುತ್ತೇವಲ್ಲ, ಹಾಗೇ ಒತ್ತೊತ್ತಾಗಿ ಜೋಡಿಸಿ, ನೀರು ಹಾಕಿದೆ. ಅಮ್ಮ ಬಂದು ನೋಡಿ, “ಸಾಲು ಸೊಟ್ಟ ಆಗೈತೆ,” ಎಂದು ತಾನೇ ಕೂತು ಸರಿ ಮಾಡಿದಳು. ವರ್ಷ ತುಂಬುವ ಹೊತ್ತಿಗೆ ಮುನ್ನೂರು ಹಸಿರು ಸಸಿಗಳನ್ನು ಲಾರಿಯಲ್ಲಿ ಹೇರಿಕೊಂಡು ಹೋಗಿ ಮಾಮ್ಮನ ಮನೆಯ ಮುಂದೆ ಇಳಿಸಬೇಕು, ಅವಳು ಬಾಯಿ ಬಿಟ್ಟು ನೋಡಬೇಕು. ಇದು ನನ್ನ ಆಸೆ. ಅದಕ್ಕೇ ಅಮ್ಮ, ಧಾರವಾಡದವನು ಇಬ್ಬರನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. ಅಟೆಂಡರನಿಗೂ, “ಓಟೆ ತಾ,” ಎಂದೆನೇ ಹೊರತು ಯಾಕೆ ಎನ್ನಲಿಲ್ಲ. ಮರಳಲ್ಲಿ ಒತ್ತೊತ್ತಾಗಿ ಹೂತಿಟ್ಟ ತಾಟಿ ಓಟೆ ಎಂದರೆ ಆ ಸೀಮೆಯಲ್ಲಿ ಹಸುಗೂಸಿಗೂ ಒಂದೇ ಅರ್ಥ, ಮೊಳೆತರೆ ತೇಗ, ಸಂಕ್ರಾಂತಿಯ ತಿಂಡಿ. ಅದು ನನ್ನೊಬ್ಬನಿಗೆ ಗೊತ್ತಿರಲಿಲ್ಲ.

ಜಗಲಿಯ ಮೇಲೆ ಎಲ್ಲವನ್ನೂ ಹೇಳಿದಾಗ ಮಾಮ್ಮ ತಲೆಯ ಮೇಲೆ ಕೈ ಹೊತ್ತಳು.

“ಏಟಿ ಬಾಬು ಇದಿ! ಸೆಪ್ಪಾಲ ಗದಾ! ಒಂದು ಮಾತು ಹೇಳೋಕೆ ನಿನಗೆ ಬಾಯಿ ಇರಲಿಲ್ಲವಾ? ನನ್ನ ಮನೆ ಉಳಿಸೋ ಮರಾನ ನನ್ನ ಕೈಯಲ್ಲೇ ಬೇಯಿಸಿದೆಯಲ್ಲ!”

ಅತ್ತಳು. ಅಳುತ್ತಲೇ ನಗು ಬಂತು. ನಗು ಮುಗಿದದ್ದೇ ಬೈಗುಳ ಶುರುವಾಯಿತು. ಅಮ್ಮ ನನ್ನ ಪರ ವಹಿಸಿದಳು, ಕನ್ನಡದಲ್ಲಿ. “ಅವನೇನು ಮಾಡ್ದ ಅಕ್ಕ? ಚೆಂದಾಗಿ ಪಾತಿ ಮಾಡಿದ್ದ. ಇನ್ನೊಂದೀಟು ದಿನ ಬಿಟ್ಟಿದ್ರೆ ಕಿತ್ತು ನೆಡ್ತಿದ್ದ.”

ಮಾಮ್ಮನಿಗೆ ಕನ್ನಡ ಬಾರದು. ಆದರೂ ಕಿತ್ತು ನೆಡುವುದನ್ನು ಅಮ್ಮ ಕೈಯಲ್ಲಿ ಮಾಡಿ ತೋರಿಸಿದ್ದು ಅವಳಿಗೆ ತಿಳಿಯಿತು.

“ಕಿತ್ತು ನೆಡೋದಾ? ಅಯ್ಯೋ ಒದಿನಾ!” ಎಂದು ದಬರಿಯಿಂದ ಒಂದು ತೇಗ ಎತ್ತಿ ಅಮ್ಮನ ಮೂಗಿನ ಮುಂದೆ ಹಿಡಿದಳು. ಒದಿನಾ ಎಂದರೆ ಅತ್ತಿಗೆ. ಅಷ್ಟು ಹೊತ್ತಿಗಾಗಲೇ ಅವರಿಬ್ಬರೂ ನಂಟರಾಗಿದ್ದರು. “ಇದು ತೆಂಗು ಅಲ್ಲ. ತೆಂಗು ಮೇಲಕ್ಕೆ ಮೊಳೆಯುತ್ತೆ. ತಾಟಿ ಮೊದಲು ಕೆಳಕ್ಕೆ ಇಳಿಯುತ್ತೆ. ಮೊಳಕೆ ಇರೋದು ಈ ಕೆಳಗಿನ ತುದಿಯಲ್ಲಿ. ಅದು ಮುರಿದರೆ ಮುಗೀತು. ನಾವು ಅಗೆಯದೆ ಬಿಟ್ಟಿದ್ದರೂ ನಿನ್ನ ಮಗ ಕಿತ್ತು ಕೊಲ್ಲುತ್ತಿದ್ದ. ತಾಟಿಯನ್ನು ಕರೆದುಕೊಂಡು ಹೋಗಿ ನಿಲ್ಲಿಸೋಕೆ ಆಗಲ್ಲ. ಎಲ್ಲಿ ನಿಲ್ಲಬೇಕೋ ಅಲ್ಲೇ ಹುಟ್ಟಬೇಕು.”

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಮ್ಮ ಆ ತೇಗವನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಇದು ಒಳ್ಳೇ ತಲೆಕೆಳಗಾದ ಮರ ಕಣಪ್ಪ,” ಎಂದಳು. ಆಮೇಲೆ ಅದನ್ನೂ ತಿಂದಳು.

ಹಾಗೆ ಒಂದು ವರ್ಷ ವ್ಯರ್ಥವಾಗಿತ್ತು. ಹೊಸ ಓಟೆ ಬೇಕೆಂದರೆ ಮುಂದಿನ ಭಾದ್ರಪದದವರೆಗೆ ಕಾಯಬೇಕು. ಅಲ್ಲಿಂದ ಸರ್ಪಂಚ್ ಹೇಳಿದ ಸಂಕ್ರಾಂತಿಗೆ ಉಳಿಯುವುದು ನಾಲ್ಕೇ ತಿಂಗಳು. ನಾಲ್ಕು ತಿಂಗಳಿಗೆ ತಾಟಿಯ ಒಂದು ಎಲೆಯೂ ನೆಲದ ಮೇಲೆ ಕಾಣುವುದಿಲ್ಲ. ನನ್ನ ಮುಚ್ಚುಮರೆಯ ಉತ್ಸಾಹದಿಂದ ಮಾಮ್ಮ ತನ್ನ ಮನೆ ಕಳೆದುಕೊಳ್ಳುವ ಹಾಗಾಯಿತಲ್ಲ ಎಂದು ಆ ಬೇಸಿಗೆಯೆಲ್ಲ ನನಗೆ ಸಮಾಧಾನವಿರಲಿಲ್ಲ. ಬೇರೇನಾದರೂ ಹಾಕೋಣ, ಬೇಗ ಬರುವಂಥದ್ದು, ಎಂದೆ. ಅವಳು ಒಪ್ಪಲಿಲ್ಲ. “ಬೇಗ ಬಂದದ್ದನ್ನು ನೋಡಿದೆವಲ್ಲ, ಬೇಗ ಹೋಯಿತು,” ಎಂದಳು. ಅಷ್ಟೇ.

ಭಾದ್ರಪದ ಬಂತು. ಈ ಸಲ ಗುಟ್ಟೇನೂ ಇರಲಿಲ್ಲ. ಊರಿನ ಪ್ರತಿ ಮನೆಯಲ್ಲೂ ತಾಟಿ ಹಣ್ಣು ಸುಟ್ಟು ಅದರ ಹಳದಿ ರಸ ಹೀರಿ, ಓಟೆಗಳನ್ನು ಕೂಡಿಟ್ಟರು. ಒಂದು ಭಾನುವಾರ ಬೆಳಿಗ್ಗೆ ಹೆಂಗಸರು ಬುಟ್ಟಿ ಹೊತ್ತು ದಿಬ್ಬ ಹತ್ತಿದರು. ಧಾರವಾಡದವನು ತನ್ನ ಹಡಗಿನ ಇಬ್ಬರು ಕನ್ನಡದ ಹುಡುಗರನ್ನು ಕರೆತಂದ. ಹಾರೆ ಹಿಡಿದ ಅವರನ್ನು ಮಾಮ್ಮ ಮೇಲಿಂದ ಕೆಳಗೆ ನೋಡಿ, “ನೀರಿನವರಿಗೆ ನೆಲದ ಮೇಲೆ ಏನು ಕೆಲಸ?” ಎಂದಳು.

“ಅಜ್ಜಿ, ನೆಲ ಇದ್ರನ ಹಡಗು ಕಟ್ಟಾಕ ಆಗತೈತಿ,” ಎಂದು ಅವನು ಕನ್ನಡದಲ್ಲೇ ಉತ್ತರ ಕೊಟ್ಟ. ಅವಳು ಅರ್ಥವಾದವಳ ಹಾಗೆ ತಲೆಯಾಡಿಸಿ, ಅವನ ಕೈಯಿಂದ ಹಾರೆ ಕಸಿದುಕೊಂಡು, ಹೇಗೆ ಹಿಡಿಯಬೇಕೆಂದು ತೋರಿಸಿದಳು.

ಐದು ಹೆಜ್ಜೆಗೊಂದು ಗುಣಿ, ಒಂದು ಗುಣಿಗೆ ಎರಡು ಓಟೆ, ಮೇಲೆ ಹಿಮ್ಮಡಿಯಿಂದ ಒಂದು ತುಳಿತ. ಅಮ್ಮ ದಿಬ್ಬದ ಕೆಳಗೆ ಕೊಡೆ ಹಿಡಿದು ಕೂತು ಗಾಳಿಗೆ ಮರಳು ಹೊರಡುವುದನ್ನೇ ನೋಡುತ್ತಿದ್ದಳು. “ಹಿಂಗಾದ್ರೆ ಬೀಜ ಎಲ್ಲ ಬೆತ್ತಲೆ ಆಯ್ತವೆ. ನಮ್ಮ ಕಡೆ ಗಿಡದ ಬುಡಕ್ಕೆ ಗರಿ ಹಾಸ್ತೀವಿ. ಇಲ್ಲಿ ಹಾಸೋದಲ್ಲ, ನಿಲ್ಲಿಸಬೇಕು,” ಎಂದಳು. ಎದ್ದು ಹೋಗಿ ಒಣಗಿದ ತಾಟಿ ಗರಿಯೊಂದನ್ನು ಎಳೆತಂದು ಕಡಲ ಕಡೆಗೆ ಅಡ್ಡಲಾಗಿ ಮರಳಲ್ಲಿ ನೆಟ್ಟಳು. ಅರ್ಧ ಗಂಟೆಯಲ್ಲಿ ಗರಿಯ ಬುಡಕ್ಕೆ ಅಂಗೈ ಎತ್ತರ ಮರಳು ಕೂತಿತು. ಮಾಮ್ಮ ಅದನ್ನು ನೋಡಿ ಊರಿಗೆ ಹೋದಳು. ಹಿಂದಿರುಗಿದಾಗ ಊರಿನ ಬೇಲಿಯ ಹಳೇ ಗರಿಗಳೆಲ್ಲ ಅವಳ ಹಿಂದೆ ಬರುತ್ತಿದ್ದವು.

ಉಳಿದದ್ದು ಒಂದೇ ಹೆದರಿಕೆ. ಸಂಕ್ರಾಂತಿ ಹತ್ತಿರವಾದರೆ ಯಾರಾದರೂ ಬಂದು ಅಗೆದು ಬೇಯಿಸಿಕೊಂಡರೆ? ನಮಗೆ ಅದರ ಅನುಭವ ಚೆನ್ನಾಗಿಯೇ ಇತ್ತು. ಮಾಮ್ಮ ದಿಬ್ಬದ ನೆತ್ತಿಯ ಮೇಲೆ ಒಂದು ಮಣ್ಣಿನ ಗಡಿಗೆ ಇಟ್ಟು, ಅರಿಸಿನ ಬಳಿದು, ಕುಂಕುಮ ಇಟ್ಟು, ಬೇವಿನ ಎಲೆ ಕಟ್ಟಿ, “ಇನ್ನು ಮೇಲೆ ಇವು ಅಮ್ಮೋರ ತೇಗಲು,” ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದಳು. ಗ್ರಾಮದೇವತೆಯ ಪಾಲಿಗೆ ಬಿಟ್ಟದ್ದನ್ನು ಯಾರು ಮುಟ್ಟುತ್ತಾರೆ? ಆಡು ಮೇಯಿಸುವವರೂ ಸುತ್ತು ಹಾಕಿಕೊಂಡು ಹೋಗತೊಡಗಿದರು.

“ಬಂದೂಕು ಕೊಟ್ಟು ಸೆಂಟ್ರಿ ನಿಲ್ಸಿದ್ರೂ ಇಷ್ಟು ಕಾವಲು ಆಗ್ತಿದ್ದಿಲ್ರಿ,” ಎಂದ ಧಾರವಾಡದವನು.

ಸಂಕ್ರಾಂತಿಯ ಮರುವಾರ ಸರ್ಪಂಚ್ ಬಂದ. ಹಿಂದೆ ಕಂಟ್ರಾಕ್ಟರ್ ಕಡೆಯ ಒಬ್ಬ, ಬಿಳಿ ಶರಟು, ಕೈಯಲ್ಲಿ ಅಳತೆಯ ಟೇಪು. ನಾನು ರಜೆ ಹಾಕಿ ಹೋಗಿದ್ದೆ. ಊರೆಲ್ಲ ದಿಬ್ಬದ ಕೆಳಗೆ ನಿಂತಿತ್ತು. ಮೇಲೆ ಗಡಿಗೆ, ಒಣ ಗರಿಯ ಬೇಲಿ, ಮರಳು. ಹಸಿರೆಂಬುದು ಒಂದು ಕಡ್ಡಿಯೂ ಇಲ್ಲ.

“ಮಾಮ್ಮ, ಮರ ಎಲ್ಲಿ?” ಎಂದ ಸರ್ಪಂಚ್. ದನಿಯಲ್ಲಿ ಬೇಸರವಿತ್ತು.

“ಇವೆ.”

“ಇದ್ದರೆ ನನ್ನ ಕಣ್ಣಿಗೆ ಯಾಕೆ ಬೀಳ್ತಿಲ್ಲ?”

“ನೀನು ಮೇಲೆ ನೋಡ್ತಾ ಇದ್ದೀ. ಎಲ್ಲಿ ಬೇಕಾದರೂ ಕಾಲಿಡು. ನೀನು ತೋರಿಸಿದ ಗುಣಿ ನಾನು ಅಗೀತೇನೆ.”

ಬಿಳಿ ಶರಟಿನವನು ಮೊದಲೇ ಮುಂದೆ ಹೋಗಿ, ಕಡಲ ಕಡೆಯ ಅಂಚಿನಲ್ಲಿ, ಗಾಳಿಯ ಹೊಡೆತ ಎಲ್ಲಕ್ಕಿಂತ ಹೆಚ್ಚಿದ್ದ ಜಾಗದಲ್ಲಿ ಬೂಟು ಊರಿದ. “ಇಲ್ಲಿ ಅಗಿ, ಮುಸಲಮ್ಮ,” ಎಂದ. ಮುಸಲಮ್ಮ ಎಂದರೆ ಮುದುಕಿ. ಅದು ಅಲ್ಲಿದ್ದ ಯಾರಿಗೂ ಹಿಡಿಸಲಿಲ್ಲ.

ಆ ಅಂಚಿನಲ್ಲಿ ಏನಾದರೂ ಉಳಿದಿರಬಹುದೆಂಬ ನಂಬಿಕೆ ನನಗೇ ಇರಲಿಲ್ಲ. ಮಾಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ, ಬರಿಗೈಯಲ್ಲಿ ಮರಳು ತೋಡತೊಡಗಿದಳು. ಓಟೆ ಸಿಕ್ಕಿತು. ಅದರಿಂದ ಹೊರಟ ಬಿಳಿ ಮೊಳೆ ಕೆಳಕ್ಕೆ ಹೋಗಿತ್ತು. ಅವಳು ಅದರ ಪಕ್ಕದಲ್ಲೇ ಕೈ ಇಳಿಸಿದಳು. ಮುಂಗೈ ಮುಳುಗಿತು. ಮೊಣಕೈ ಮುಳುಗಿತು. ಕೊನೆಗೆ ಅವಳು ಪಕ್ಕಕ್ಕೆ ಮಲಗಿ, ಭುಜದವರೆಗೆ ತೋಳು ಮರಳೊಳಗೆ ಹಾಕಿ, ನಿಧಾನವಾಗಿ ಮೇಲೆತ್ತಿದಳು. ಮೊಳೆ, ಅದರ ತುದಿಯಿಂದ ಹೊರಟ ಬೇರು, ಬೇರಿನ ಕೊನೆಯಲ್ಲಿ ಅಂಟಿಕೊಂಡಿದ್ದ ಒದ್ದೆ ಮರಳು. ಎತ್ತಿ ಹಿಡಿದಾಗ ಅದು ಅವಳ ಸೊಂಟದಿಂದ ನೆಲ ಮುಟ್ಟುತ್ತಿತ್ತು.

ಊರು ಒಂದೇ ಸಲ ಕೂಗಿತು.

ಸರ್ಪಂಚ್ ಇನ್ನೊಂದು ಗುಣಿ ತೋರಿಸಿದ. ಅದರಲ್ಲೂ ಇತ್ತು. ಮೂರನೆಯದನ್ನು ಅವನೇ ಕೂತು ಅಗೆದ. ಓಟೆ ಸಿಕ್ಕಿ ಮೊಳೆ ಕೆಳಕ್ಕೆ ಇಳಿದದ್ದು ಕಾಣುತ್ತಿದ್ದ ಹಾಗೇ ಕೈ ತಡೆದು, ಹೊರಗೆ ತೆಗೆಯದೆ, ಮರಳನ್ನು ಮೆತ್ತಗೆ ಹಿಂದಕ್ಕೆ ಮುಚ್ಚಿದ.

“ಮಣ್ಣೊಳಗೆ ಇರೋದನ್ನ ಯಾರು ಬೇಕಾದರೂ ತೋರಿಸ್ತಾರೆ ಸಾರ್,” ಎಂದ ಬಿಳಿ ಶರಟಿನವನು. “ಮೇಲೆ ಬರುತ್ತೆ ಅಂತ ಏನು ಖಾತ್ರಿ?”

ಸರ್ಪಂಚ್ ಮಂಡಿಯ ಮರಳು ಕೊಡವುತ್ತ ಎದ್ದ. “ನಾನು ತೇಗ ತಿಂದು ಬೆಳೆದವನಯ್ಯ. ಕೆಳಗೆ ಇಷ್ಟು ಹೋದದ್ದು ಮೇಲೆ ಬರದೆ ಇರುತ್ತಾ? ಮಳೆಗಾಲದವರೆಗೆ ಕಾಯ್ತೇನೆ. ನೀನು ಆ ಟೇಪು ಸುತ್ತಿಕೋ.”

ಆ ಬೇಸಿಗೆಯಲ್ಲಿ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಅಲ್ಲಿಯ ಬಿಸಿಲು ಕಂಡವರಿಗೇ ಗೊತ್ತು. ಬೆಳಿಗ್ಗೆ ಒಂಬತ್ತಕ್ಕೇ ಬಂಡೆಯ ಗುಡ್ಡಗಳು ಕಾದ ಕಾವಲಿಯ ಹಾಗೆ, ಕೃಷ್ಣೆಯ ನಡುವೆ ಮರಳಿನ ದಿಣ್ಣೆಗಳು ಬೆನ್ನು ತೋರಿಸಿ ಬಿದ್ದಿರುತ್ತಿದ್ದವು. ನನ್ನ ಮನಸ್ಸೆಲ್ಲ ಇನ್ನೊಂದು ಮರಳಿನ ಮೇಲೆ. ಸಮುದ್ರದ ಕಡೆಯೂ ಹೀಗೇ ಕಾಯುತ್ತಿದ್ದರೆ ಆ ಬೇರುಗಳ ಗತಿ ಏನು? ಧಾರವಾಡದವನು ರಜೆ ಸಿಕ್ಕ ರವಿವಾರವೆಲ್ಲ ದಿಬ್ಬಕ್ಕೆ ಹೋಗಿ ಬಂದು ಫೋನ್ ಮಾಡುತ್ತಿದ್ದ. “ಸಾಹೇಬ್ರ, ಏನೂ ಇಲ್ಲರಿ.” ಮುಂದಿನ ಸಲವೂ, “ಏನೂ ಇಲ್ಲರಿ. ಅಜ್ಜಿ ಮಾತ್ರ ಅದಾಳ, ಗಟ್ಟಿ ಅದಾಳ.” ಅಮ್ಮ ಫೋನ್ ಕಿತ್ತುಕೊಂಡು, “ಗರಿ ಬಿದ್ದಿದ್ರೆ ನಿಲ್ಸೋ ಹಡಗಿನವ್ನೇ,” ಎಂದು ಹೇಳುತ್ತಿದ್ದಳು.

ಆಷಾಢದ ಮಧ್ಯದಲ್ಲಿ, ಎರಡು ಮಳೆ ಬಿದ್ದ ಮೇಲೆ, ನಾನು ಕೌಂಟರಿನ ಹಿಂದೆ ನಿಂತಿದ್ದಾಗ ಫೋನ್ ಬಂತು. ಆ ಕಡೆ ಗಾಳಿ, ಅಲೆ, ಹೆಂಗಸರ ಗದ್ದಲ. ಅವನು ಕಿರುಚುತ್ತಿದ್ದ. “ಬಂದಾವ್ರಿ! ಎಡಮಗ್ಗಲ ಹನ್ನೊಂದು, ನೆತ್ತಿ ಮ್ಯಾಲ ಒಂಬತ್ತು, ಕಡಲ ಕಡೆ ಇನ್ನೂ ಎಣಸಾಕತ್ತೇವಿ!”

ಕೌಂಟರಿನ ಎದುರು ನಿಂತಿದ್ದ ಗಿರಾಕಿಯೊಬ್ಬರು, “ಮನೆಯಲ್ಲಿ ಮಗುವಾ ಸಾರ್?” ಎಂದು ಕೇಳಿದರು. ಹೌದು ಎಂದೆ. ಎಷ್ಟು ಎಂದು ಅವರು ಕೇಳಲಿಲ್ಲ, ಒಳ್ಳೆಯದಾಯಿತು.

ಆ ವಾರದ ಕೊನೆಗೇ ಅಮ್ಮನನ್ನು ಕರೆದುಕೊಂಡು ಬೆಳಗಿನ ರೈಲು ಹತ್ತಿದೆ. ದಿಬ್ಬ ಹತ್ತುವಾಗ ಅಮ್ಮನ ಮಂಡಿ ನೋವು ಎಲ್ಲಿ ಹೋಗಿತ್ತೋ. ಮರಳಿಂದ ಎದ್ದ ಒಂದೊಂದೇ ಎಲೆ, ಇನ್ನೂ ಬೀಸಣಿಗೆಯಾಗಿರಲಿಲ್ಲ. ಮಡಿಕೆ ಮಡಿಕೆಯಾಗಿ ಕಟ್ಟಿದ ಕತ್ತಿಯ ಅಲಗಿನ ಹಾಗೆ ನೆಟ್ಟಗೆ, ಬಿರುಸಾಗಿ. ಗಾಳಿ ಬೀಸಿದರೆ ಬಾಗದೆ ಸಣ್ಣಗೆ ನಡುಗುತ್ತಿದ್ದವು. ದಿಬ್ಬದ ತುಂಬ ಅವೇ. ಹೆಂಗಸರು ಸಾಲು ಸಾಲಾಗಿ ನಡೆಯುತ್ತ ಎಣಿಸಿದರು. ಎಣಿಕೆ ತಪ್ಪಿದಾಗೆಲ್ಲ ಜಗಳವಾಡಿ ಮತ್ತೆ ಮೊದಲಿಂದ ಎಣಿಸಿದರು. ಗುಣಿಗೆ ಒಂದಾದರೂ ಬಂದಿತ್ತು, ಕೆಲವಕ್ಕೆ ಎರಡು. ಬಾರದವು ಬೆರಳೆಣಿಕೆಯಷ್ಟು. ಕಾಲು ಬೀಳದ ದಿಬ್ಬಕ್ಕೆ ಕೆಳಗಿಂದ ಅಡುಂಬು ಬಳ್ಳಿ ತಾನಾಗಿ ಹತ್ತಿ ಬಂದು ನೇರಳೆ ಹೂವು ಬಿಟ್ಟಿತ್ತು. ಅದನ್ನು ಯಾರೂ ನೆಟ್ಟಿರಲಿಲ್ಲ.

ಮಾಮ್ಮ ಒಂದು ಎಲೆಯ ಪಕ್ಕ ಕೂತು ಅಮ್ಮನನ್ನು ಕರೆದಳು. “ಒದಿನಾ, ಈಗ ಹೇಳು. ತಲೆಕೆಳಗಾ?”

ಅಮ್ಮ ಆ ಎಲೆಯನ್ನು ಮುಟ್ಟದೆ ಅದರ ಸುತ್ತ ಕೈ ಆಡಿಸಿದಳು. “ತಿಪಟೂರಲ್ಲೂ ಇಂಥಾ ಗಟ್ಟಿ ಸಸಿ ನಾ ಕಂಡಿಲ್ಲ ಅಕ್ಕ,” ಎಂದಳು. ಅಮ್ಮ ಬೇರೆ ಊರಿನ ಮರವನ್ನು ಹೊಗಳಿದ್ದು ನನಗೆ ತಿಳಿದಂತೆ ಅದೇ ಮೊದಲು.

ಗ್ರಾಮಸಭೆಯಲ್ಲಿ ಸರ್ಪಂಚ್ ತಾನೇ ಎದ್ದು ನಿಂತು ಓದಿದ: ದಿಬ್ಬ ಊರ ತೋಪು, ಅದನ್ನು ಅಗೆಯಬಾರದು, ಸಮ ಮಾಡಬಾರದು. ಮಾಮ್ಮನಿಗೆ ಓದು ಬಾರದು. ಹೆಬ್ಬೆಟ್ಟು ಒತ್ತಿ, ಆ ನೀಲಿ ಹೆಬ್ಬೆರಳನ್ನು ಊರೆಲ್ಲ ತೋರಿಸಿಕೊಂಡು ಬಂದಳು.

ಅದಾಗಿ ಕೆಲವು ವರ್ಷಗಳಾದ ಮೇಲೆ ಇನ್ನೊಂದು ಚಂಡಮಾರುತ ಬಂತು. ಅಷ್ಟು ಹೊತ್ತಿಗೆ ಎಲೆಗಳು ಬೀಸಣಿಗೆಯಾಗಿ ಬಿಚ್ಚಿ ಆಳೆತ್ತರ ಆಗಿದ್ದವು, ಕಾಂಡ ಇನ್ನೂ ನೆಲ ಬಿಟ್ಟು ಎದ್ದಿರಲಿಲ್ಲ. ವಿಜಯವಾಡದಲ್ಲಿ ಟಿವಿಯ ಮುಂದೆ 'ಏನಾಯಿತೋ' ಎಂದು ಕೂತಿದ್ದೆ. ಪಕ್ಕದ ದಂಡೆಯ ಸರ್ವೆ ಸಾಲು ಈ ಸಲವೂ ಅಡ್ಡ ಬಿತ್ತು. ಮಾಮ್ಮನ ದಿಬ್ಬದ ಬುಡದವರೆಗೆ ಅಲೆ ಬಂದಿತಂತೆ, ಹೊಡೆಯಿತಂತೆ, ಮರಳು ಬಿಡಲಿಲ್ಲವಂತೆ, ಹಿಂದಕ್ಕೆ ಹೋಯಿತಂತೆ. ಎಲೆಗಳು ಹರಿದು ಚಿಂದಿಯಾದವು. ಬುಡ ಒಂದೂ ಕದಲಲಿಲ್ಲ. ಮೊದಲ ಸಾಲಿನ ಯಾವ ಮನೆಗೂ ನೀರು ಬರಲಿಲ್ಲ.

ಮರುದಿನ ಫೋನಿನಲ್ಲಿ ಮಾಮ್ಮನ ದನಿ ಕಡಲ ಗಾಳಿಗಿಂತ ಜೋರಾಗಿತ್ತು. “ಬಾಬು! ಸಮುದ್ರ ಬಂದು ಬಾಗಿಲು ತಟ್ಟಿತು. ನಮ್ಮ ತಾಟಿಗಳು, ಮನೆಯಲ್ಲಿ ಯಾರೂ ಇಲ್ಲ ಅಂತ ಹೇಳಿ ಕಳಿಸಿಬಿಟ್ಟವು!”

ಅಮ್ಮನಿಗೆ ಕೊಟ್ಟೆ. ಇಬ್ಬರೂ ತಂತಮ್ಮ ಭಾಷೆಯಲ್ಲಿ ಒಟ್ಟೊಟ್ಟಿಗೆ ಹತ್ತು ನಿಮಿಷ ಮಾತಾಡಿದರು. ಯಾರು ಯಾರಿಗೆ ಏನು ಹೇಳಿದರೋ, ಇಬ್ಬರೂ ಗೆದ್ದವರ ಹಾಗೆ ನಗುತ್ತಿದ್ದರು.

ಮುಂದಿನ ಭಾದ್ರಪದದಲ್ಲಿ, ಸರ್ವೆ ಕಳೆದುಕೊಂಡ ಪಕ್ಕದ ಊರಿನವರು ಒಂದು ಟ್ರ್ಯಾಕ್ಟರ್ ತಂದು ಮಾಮ್ಮನ ಮನೆಯ ಮುಂದೆ ನಿಲ್ಲಿಸಿದರು. ಸೀಮೆಯಲ್ಲೆಲ್ಲ ಕೂಡಿಸಿದ ಓಟೆಗಳು ಟ್ರೈಲರಿನ ತುಂಬ ಇದ್ದವು. ಹೇಗೆ ಹಾಕಬೇಕೆಂದು ಹೇಳಿಕೊಡಲು ಬರಬೇಕು ಎಂದರು. ಮಾಮ್ಮ ಮನೆಗೆ ಬೀಗ ಹಾಕಿ, ಡ್ರೈವರನ ಪಕ್ಕದ ಮಡ್‌ಗಾರ್ಡಿನ ಮೇಲೆ ಹತ್ತಿ ಕೂತು, ಹೊರಡು ಎಂದಳು.